ಬರಕತ್ತಿನ ಬರಣಿ

ಗೋಕಾಕದ ಮೈನಾಬಿ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲನ್ನು ಮೂಸಿ, ಖಾರಪುಡಿಯನ್ನು ನೀರಿಗೆ ಉದುರಿಸಿ ನೋಡಿಯೇ ಒಳಗೆ ಬಿಟ್ಟುಕೊಳ್ಳುವಳು. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಗಳಲ್ಲಿ ಬಳೆ ಮಾರುತ್ತ ಅವಳ ಕೂದಲು ನೆರೆತಿತ್ತು. ಬಳೆಗಳ ಪಕ್ಕದಲ್ಲಿ ಒಂದು ಬರಣಿ ಇರುತ್ತಿತ್ತು: ಲೋಳೆಸರದ ತಿರುಳಿಗೆ ಗುಲಾಬಿನೀರು, ಅರಿಸಿನ ಬೆರೆಸಿ ಅವಳೇ ಅರೆದ ಮುಖದ ಲೇಪ. ಕೆಮಿಕಲ್ ಇಲ್ಲ ಎಂದೇ ಹೆಂಗಸರು ಕೊಳ್ಳುತ್ತಿದ್ದರು.

ಪಾತ್ರೆ ಬರಿದಾದರೆ ಬರಕತ್, ಮನೆಯ ಸಮೃದ್ಧಿ, ಹೋಗುತ್ತದೆ ಎಂದು ಅವಳ ಅತ್ತೆ ಹಿಟ್ಟಿನ ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿಸಿ, ಅದರ ಮೇಲೆಯೇ ಹೊಸ ಹಿಟ್ಟು ಸುರಿಯುತ್ತಿದ್ದಳು. ಮೈನಾಬಿ ಲೇಪಕ್ಕೂ ಹಾಗೇ ಮಾಡುತ್ತ ಬಂದಳು.

ಮಗಳು ಫರೀನಳ ನಿಕಾಹ್ ಹತ್ತಿರ ಬಂದಾಗ ಅವಳ ಕೆನ್ನೆಗೆ ಕೀವುಗುಳ್ಳೆ ಎದ್ದವು. ಮೈನಾಬಿ ಮಗಳ ಕಪಾಟು ತಡಕಿ ಅಂಗಡಿಯ ಕ್ರೀಮ್ ಹೊರತೆಗೆದಳು.

"ಇದನ್ನ ಯಾವಾಗ ತಂದಿದ್ದಿ?"

"ಹೋದ ರಂಜಾನಕ್ಕ, ಅಮ್ಮಿ. ನೀ ಬೈತಿ ಅಂತ ಆವಾಗ ಹಚ್ಚೂದು ಬಿಟ್ಟೇನಿ."

"ಇಷ್ಟ ದಿನ ಆದ್ರೂ ಬೂಷ್ಟ ಬಂದಿಲ್ಲ. ಬೂಷ್ಟ ಸೈತ ಒಲ್ಲೆ ಅನ್ನೂವಂಥಾದ್ದು ಏನ್ ಹಾಕ್ಯಾರ ಇದರಾಗ?"

ಮಗಳನ್ನು ಕರೆದೊಯ್ದು, ಮೂಡಲಗಿಯ ಚರ್ಮದ ಡಾಕ್ಟರ್ ಅರ್ಚನಾ ಅವರ ಮುಂದೆ ಅದನ್ನು ಸಾಕ್ಷಿಯಂತೆ ಇಟ್ಟಳು. ಅವರು ಡಬ್ಬಿಯನ್ನು ಸರಿಸಿ ಕೇಳಿದರು: "ದಿನಾ ಹಚ್ಚೂದು ಏನ್ರಿ?"

"ನಾ ಮಾಡಿದ ಲೇಪರಿ. ಅದರಾಗ ಕೆಡದಂಗ ಮಾಡೂದು ಏನೂ ಹಾಕಂಗಿಲ್ಲ."

"ಅದಕ್ಕ ಕೇಳಾಕತ್ತೇನಿ. ನೀರಿನಂಶ ಇದ್ದದ್ದರಾಗ ಹುಳ ಬೆಳೀತಾವ, ಕಣ್ಣಿಗೆ ಕಾಣಂಗಿಲ್ಲ."

"ಹಂಗಾರ ಲವಂಗದೆಣ್ಣಿ ಹಾಕ್ತೇನ್ರಿ. ಗಿಡದ್ದು, ಚಲೋ."

"ಅದೂ ಕೆಲವರ ಚರ್ಮ ಸುಡತೈತಿ. ಗಿಡದ್ದಿರಲಿ, ಕಾರ್ಖಾನಿದ್ದಿರಲಿ, ಎಷ್ಟು ಹಾಕಿದ್ರ ತ್ರಾಸಿಲ್ಲ ಅಂತ ತಪಾಸ ಮಾಡಿರಬೇಕ್ರಿ."

ಡಾಕ್ಟರೂ ಕಂಪನಿಯ ಕಡೆಯವರೇ ಎಂದುಕೊಂಡು ಮೈನಾಬಿ ಮನೆಗೆ ಬಂದಳು. ಅವರ ಮಾತು ಸುಳ್ಳು ಮಾಡಲೆಂದೇ ಬರಣಿಯನ್ನು ಮೊದಲ ಸಲ ಪೂರ್ತಿ ಬೋರಲು ಹಾಕಿದಳು. ಹಳದಿ ಲೇಪ ಜಾರಿತು. ತಳದಿಂದ ಬೂದಿ ಬಣ್ಣದ ಲೋಳೆ ಕೊನೆಗೆ ಕಳಚಿ ಬಿತ್ತು. ದಿನವೂ ಹಾಲು ಮೂಸುವ ಮೂಗನ್ನು ಅದರ ಹತ್ತಿರ ಒಯ್ದು, ಹಿಂದಕ್ಕೆಳೆದುಕೊಂಡಳು.

ಹುಕ್ಕೇರಿ ಸಂತೆಯಲ್ಲಿ ಹಳೆಯ ಗಿರಾಕಿ ಕೆಂಪವ್ವ ಲೇಪ ಕೇಳಿದಳು.

"ಇನ್ನ ಮಾರಂಗಿಲ್ಲವಾ. ಮನ್ಯಾಗ ಉಳಿದಿದ್ರ ಅದನ್ನೂ ಚೆಲ್ಲಿಬಿಡು," ಎಂದಳು ಮೈನಾಬಿ. ಹಿಂದೆ ಲೇಪ ಕೊಂಡವರು ಕಂಡಾಗೆಲ್ಲ ಅದನ್ನೇ ಹೇಳಿದಳು.

ಸಂಜೆ ಡಾಕ್ಟರು ಬರೆದುಕೊಟ್ಟ ಮುಲಾಮನ್ನು ಫರೀನ ತೆರೆದಾಗ ತಾಯಿ ಕೈ ಹಿಡಿದಳು. ತನ್ನ ಮೊಣಕೈಯ ಒಳಮಡಿಕೆಗೆ ಒಂದು ಚುಕ್ಕೆ ಸವರಿಕೊಂಡು ಗೋಡೆಗೊರಗಿ ಕುಳಿತಳು.

"ಗುಳ್ಳಿ ನನಗ ಎದ್ದಾವ, ಅಮ್ಮಿ. ನೀ ಯಾಕ ಹಚ್ಕೊಂಡಿ?"

"ತಡಿ," ಎಂದಳು ಮೈನಾಬಿ, ಮೊಣಕೈಯಿಂದ ಕಣ್ಣು ತೆಗೆಯದೆ. "ಮೊದಲ ನನಗ ಏನಾಗತೈತಿ ನೋಡೂಣು."