ಮೆಟ್ಟಿಲ ಮೇಲೆ ಕರ್ಸರ್ ಹುಡುಕಿದ ಹಮೀದ್ ಸರ್

ಹಮೀದ್ ಸರ್ ಪ್ರೋಗ್ರಾಮನ್ನು ಪರದೆಯ ಮೇಲೆ ಓದಿದವರಲ್ಲ, ಮೆಟ್ಟಿಲ ಮೇಲೆ ಓದಿದವರು. ತೊಂಬತ್ತರ ದಶಕದ ಕೊನೆಗೆ ಬಿ.ಸಿ.ರೋಡಿನ ಒಂದು ಬೇಕರಿಯ ಮೇಲೆ ಅವರ ಕಂಪ್ಯೂಟರ್ ಕ್ಲಾಸಿತ್ತು. ಯಾರದ್ದಾದರೂ ಪ್ರೋಗ್ರಾಮು ಕೈಕೊಟ್ಟರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಉದ್ದ ಕಾಗದವನ್ನು ಹರಿಯದೆ ಮೇಲಿನ ಮೆಟ್ಟಿಲಿನಿಂದ ಕೆಳಗೆ ಹಾಸಿ, ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದರು. ಪಕ್ಕದ ಟೈಲರ್ ಅಂಗಡಿಗೆ ಬರುವವರು ಗೋಡೆಗೆ ಅಂಟಿಕೊಂಡು ಹತ್ತಬೇಕಿತ್ತು. ಸ್ವತಃ ಪಿಯುಸಿ ಫೇಲಾದ ಅವರು ಡಿಗ್ರಿಯವರಿಗೆ ಪಾಠ ಹೇಳುತ್ತಿದ್ದರು. ಯಾರೂ ಕೇಳದಿದ್ದರೂ ಅದನ್ನು ಹೇಳಿಕೊಂಡು ತಾವೇ ನಗುತ್ತಿದ್ದರು.

ಒಂದು ಸಂಜೆ, ಅವರ ವಿದ್ಯಾರ್ಥಿನಿಯಾಗಿದ್ದ ನನ್ನ ಪ್ರೋಗ್ರಾಮೂ ಕೈಕೊಟ್ಟಿತು. ಮರುದಿನ ಉಜಿರೆಯ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟಿನ ವೈವಾ, ಬಾಯಿಪರೀಕ್ಷೆ. ಸಿ ಭಾಷೆಯ ನಡುವೆ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಸೇರಿಸಿ ಬರೆದ ಪ್ರೋಗ್ರಾಮು. ಕೋಷ್ಟಕದ ಸಾಲುಗಳನ್ನು ಒಂದೊಂದಾಗಿ ಎತ್ತಿಕೊಡುವ ಕರ್ಸರನ್ನು ನಾನು ಡಿಕ್ಲೇರ್ ಮಾಡಿದ್ದೇನೆ, ಅಂದರೆ ಇಂಥದ್ದೊಂದು ಇದೆಯೆಂದು ಹೇಳಿಟ್ಟಿದ್ದೇನೆ. ಮಾಡಿಲ್ಲವೆಂದು, ಪ್ರೋಗ್ರಾಮನ್ನು ಓಡಿಸುವ ಮೊದಲು ಓದಿ ತಪ್ಪು ಹಿಡಿಯುವ ಪ್ರಿಕಂಪೈಲರಿನ ಹಟ. ಓಡದಿದ್ದರೆ ನಾನು ಫೇಲು. ನನಗೆ ಅಳುವೇ ಬಂತು.

ಸರ್ ಕಾಗದ ಹಾಸಿ ಇಳಿದರು. ಮೂರನೆಯ ಮೆಟ್ಟಿಲಲ್ಲಿ ಕರ್ಸರನ್ನು ತೆರೆಯುವ ಓಪನ್ ಸಾಲು ಸಿಕ್ಕಿತು. ಡಿಕ್ಲೇರ್ ಸಿಕ್ಕಿದ್ದು ಮೆಟ್ಟಿಲು ಮುಗಿದು ಬೇಕರಿಯ ಬಾಗಿಲಲ್ಲಿ.

"ಇದೆಂತ ಮಾರಾಯ್ತಿ?"

"ಮೈನ್ ಈ ಡಿಕ್ಲೇರ್ ಇರುವ ಫಂಕ್ಷನ್ನನ್ನೇ ಮೊದಲು ಕರೀತದೆ ಸರ್."

"ಕರೆಯುವುದು ಓಡುವಾಗ. ಪ್ರಿಕಂಪೈಲರ್ ಓಡಿಸಿ ನೋಡುವುದಿಲ್ಲ, ನನ್ನ ಹಾಗೆ ಮೇಲಿಂದ ಕೆಳಗೆ ಓದುವುದು ಮಾತ್ರ. ಮೂರನೇ ಮೆಟ್ಟಿಲಲ್ಲಿ ಕೂತವನಿಗೆ ಬೇಕರಿಯಲ್ಲಿ ಎಂತ ಉಂಟು ಅಂತ ಹೇಗೆ ಗೊತ್ತಾಗ್ಬೇಕು?"

ಟೈಲರನ ಕತ್ತರಿ ತಂದು ಡಿಕ್ಲೇರಿನ ನಾಲ್ಕು ಸಾಲು ಕತ್ತರಿಸಿದರು. ಗೋಂದು ಸಿಗದೆ ಬೇಕರಿಯ ಜಾಮ್ ಸವರಿ ಮೇಲಿನ ಮೊದಲ ಮೆಟ್ಟಿಲಿನ ಹಾಳೆಗೆ ಅಂಟಿಸಿದರು. "ಈಗ ಹೀಗೇ ಟೈಪ್ ಮಾಡು." ಇರುವೆ ಬರುವ ಮೊದಲು ಮಾಡಿ ಮುಗಿಸಿದೆ. ಪ್ರೋಗ್ರಾಮು ಓಡಿತು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಮರುದಿನ. ಆ ವಾರವೇ ಕೆಲಸಕ್ಕೆಂದು ಗಲ್ಫಿನ ದಮ್ಮಾಮಿಗೆ ಹೋದವರು ಮತ್ತೆ ಸಿಗಲಿಲ್ಲ. ವೈವಾ ಮುಗಿಸಿ ಹೊರಬಂದರೆ ಕಾಲೇಜಿನ ಗೇಟಿನಾಚೆ ಸರ್! ಇಸ್ತ್ರಿ ಹಾಕಿದ ಅಂಗಿ. ಒಳಗೆ ಬರಲು ಸಂಕೋಚ.

"ಪಾಸಾ?"

"ಪಾಸ್ ಸರ್."

"ಎಂತ ಕೇಳಿದ್ರು? ಒಂದೊಂದೇ ಹೇಳು ನೋಡುವ."

"ಡಿಕ್ಲೇರ್ ಮಾಡಿದ ಕೂಡಲೇ ಸಾಲುಗಳು ಬರ್ತವಾ ಅಂತ..."

ನನ್ನ ಉತ್ತರ ಅವರಿಗೆ ಬೇಕಿರಲಿಲ್ಲ. ಕೈಕಟ್ಟಿ ನೆಟ್ಟಗೆ ನಿಂತರು.

"ಇಲ್ಲ ಸರ್. ಅದು ಹೇಳಿಟ್ಟದ್ದು ಮಾತ್ರ. ಓಪನ್ ಮಾಡಿ ಮತ್ತೆ ಒಂದೊಂದೇ ಸಾಲು ಫೆಚ್ ಮಾಡ್ಬೇಕು," ಎಂದರು, ನನಗೆ!

ಧರ್ಮಸ್ಥಳದ ಬಸ್ಸುಗಳು ಹಾರ್ನ್ ಹಾಕಿಕೊಂಡು ಹೋಗುತ್ತಿದ್ದವು. ವೈವಾದಲ್ಲಿ ನನ್ನನ್ನು ಕೇಳಿದ ಐದೂ ಪ್ರಶ್ನೆಗೆ ಹಾಗೆಯೇ ಉತ್ತರಿಸಿದರು. ಒಂದಕ್ಕೆ ತಡವರಿಸಿದಾಗ ನಾನೇ ಉತ್ತರ ಹೇಳಿಕೊಡಲು ಹೊರಟು ತಡೆದುಕೊಂಡೆ.

ಕಟ್ಟಿದ ಕೈ ಬಿಡಿಸದೆ ಕೇಳಿದರು: "ನಾನು?"

ಪರೀಕ್ಷಕರ ಗತ್ತಿನಲ್ಲಿ ಹೇಳಲು ಹೋಗಿ, ನಾನೂ ಕೈಕಟ್ಟಿ ನಿಂತೆ.

"ಪಾಸ್, ಸರ್."