ಪಾಟಿ ತಿರುವುತ್ತಿದ್ದ ಕಾಕಾ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿತ್ತು. ಅದರೊಳಗೆ ಯಾವಾಗಲೂ ಬಳಪದ ಬಿಳಿ ಪುಡಿ. ಪಾಟಿಯ ಮೇಲೆ ಒಂದು ಶಬ್ದ ಬರೆದು ನಮ್ಮ ಮುಖದೆದುರು ಹಿಡಿದು, ರೆಪ್ಪೆ ಬಡಿಯುವುದರೊಳಗೆ ತಿರುವಿಬಿಡುತ್ತಿದ್ದ. ಅಷ್ಟರಲ್ಲಿ ಓದಿದವರು ಜಾಣರು, ಉಳಿದವರು ದಡ್ಡರು. ಅವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅದು ನಿಜಾಮರ ಕಾಲ. ಕಲ್ಯಾಣದ ಉರ್ದು ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಕಾ ಶುಕ್ರವಾರದ ರಜೆಗೆ ಹುಮನಾಬಾದಿನ ನಮ್ಮ ಮನೆಗೆ ಬಂದು ಕನ್ನಡ ಕಲಿಸುತ್ತಿದ್ದ. ಅಣ್ಣ ಕಲ್ಯಾಣದಲ್ಲಿ ಅವನ ಮನೆಯಲ್ಲೇ ಇದ್ದು ದಿನವೂ ಅವನ ಕನ್ನಡ ಪುಸ್ತಕ ನೋಡುತ್ತಿದ್ದ, ಶುಕ್ರವಾರ ಅವನ ಜೊತೆಗೇ ಬರುತ್ತಿದ್ದ. ನನಗೆ ಅಕ್ಷರ ಕಾಣುತ್ತಿದ್ದದ್ದು ಶುಕ್ರವಾರ ಮಾತ್ರ. ವಾರವಾರವೂ ಬರುತ್ತಿದ್ದ ‘ಅವ್ವ’, ‘ನೀರು’ ನಾನೂ ಥಟ್ಟನೆ ಹೇಳುತ್ತಿದ್ದೆ. ‘ಸನ್ಮಾರ್ಗ’ ಬಂದರೆ ಅಣ್ಣ ಹೇಳಿ ಮುಗಿಸುತ್ತಿದ್ದ. ನಾನು ಅಕ್ಷರ ಜೋಡಿಸುವಷ್ಟರಲ್ಲಿ ಪಾಟಿ ತಿರುಗಿರುತ್ತಿತ್ತು.

“ಪೋರಿ ದಿಮಾಗ ಮಂದ ಅದ. ಮುಂದಿನ ಶುಕ್ರವಾರ ಓದಲಿಲ್ಲಂದ್ರ ಕಲಿಸೂದು ಬಂದ್,” ಎಂದು ಕಾಕಾ ಅಪ್ಪನಿಗೆ ಹೇಳಿದ.

ದಿನವೂ ಕಾಣುವ ನೆರೆಯವಳನ್ನು ದೂರದಿಂದಲೇ ಗುರುತಿಸುತ್ತೇವೆ, ವರ್ಷಕ್ಕೊಮ್ಮೆ ಬರುವ ನೆಂಟರ ಮುಖ ನೋಡುತ್ತ ನಿಲ್ಲುತ್ತೇವೆ. ಇಷ್ಟು ನನಗೆ ತಿಳಿದಿತ್ತು, ಮಾಸ್ತರನಿಗೆ ತಿಳಿಯಲಿಲ್ಲ. ಬೀಸುವ ಕಲ್ಲಿನ ಮುಂದಿನ ಗೋಡೆಗೆ, ಅಣ್ಣನ ಬಾಯಲ್ಲಿ ಕೇಳಿ ನೆನಪಿಟ್ಟಿದ್ದ ಕಾಕಾನ ಕಠಿಣ ಶಬ್ದಗಳನ್ನೆಲ್ಲ ಇದ್ದಿಲಿನಿಂದ ಬರೆದೆ. ಜೋಳ ಬೀಸುತ್ತ ವಾರವಿಡೀ ಅವನ್ನೇ ನೋಡಿದೆ.

ಶುಕ್ರವಾರ ಒಂದೂ ತಪ್ಪಲಿಲ್ಲ. ಅಣ್ಣನಿಗಿಂತ ಮೊದಲು ಹೇಳಿದೆ. ಕಾಕಾ ನೀರು ಕುಡಿಯಲು ಒಳಗೆ ಹೋದವನು ಗೋಡೆ ನೋಡಿದ.

“ಇದು ಓದೂದಲ್ಲ. ನೋಡಿ ನೋಡಿ ಕಣ್ಣಿಗಿ ರೂಢಿ ಆಗ್ಯದ. ಮೋಸ ಇದು,” ಎಂದ.

“ಅಣ್ಣನೂ ದಿನಾ ನೋಡೇ ಓದ್ತಾನಲ್ರಿ, ಕಾಕಾ,” ಎಂದೆ.

“ಎದುರು ಮಾತಾಡ್ತಿ?” ಎಂದು ಅಪ್ಪ ಗದರಿದ. ಮರುದಿನ ಅವ್ವನ ಕೈಯಿಂದಲೇ ಗೋಡೆಗೆ ಸುಣ್ಣ ಬಳಿಸಿದ. ನನ್ನ ಪಾಠ ಅಲ್ಲಿಗೆ ನಿಂತಿತು.

ಕೆಲವು ವರ್ಷಗಳ ನಂತರ ಕಾಕಾ ತೀರಿಕೊಂಡ. ಕಲ್ಯಾಣಕ್ಕೆ ಹೋದೆ, ಎಲ್ಲರೂ ಅತ್ತರು, ನಾನು ಅಳಲಿಲ್ಲ. ನನಗೆ ಅಕ್ಷರ ತೋರಿಸಿದವನು ಅವನೇ, ಆ ಋಣ ಇಲ್ಲವೆನ್ನಲಾರೆ. ಋಣವಿದೆಯೆಂದು ಸಿಟ್ಟು ಬಿಡಬೇಕೆಂದೇನೂ ಇಲ್ಲ. ಅಣ್ಣ ಅವನ ಪುಸ್ತಕಗಳನ್ನು ಗಂಟು ಕಟ್ಟುತ್ತಿದ್ದ. ಅದರಿಂದ ಒಂದನ್ನು ಎಳೆದುಕೊಂಡೆ.

“ನಿನಗ್ಯಾಕ ಅದು? ಓದಾಕ ಬರ್ತದೇನು?” ಎಂದ ಅಣ್ಣ.

ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಊರಿನ ಬಸ್ಸು ಹತ್ತಿದೆ. ಮೊದಲ ಪುಟ ತೆರೆದು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಕೂತೆ. ಹುಮನಾಬಾದ ಬಂದರೂ ಆ ಪುಟ ಮುಗಿದಿರಲಿಲ್ಲ. ಜನರೆಲ್ಲ ಇಳಿದರು. “ಇಳೀರಿ ಅಕ್ಕಾರ, ಹೊತ್ತಾಗಾಕತ್ತದ,” ಎಂದು ಕಂಡಕ್ಟರು ಬೈದ. ಕಡೆಯ ಸಾಲು ಮುಗಿಸಿಯೇ ಎದ್ದೆ.