ಪಟ್ಟಿಯ ಕೊನೆಯ ಹೆಸರು

ಶುಭಾಶಯದ ಕಾರ್ಡು ಮಾಡಿಕೊಡಿ ಎಂದು ಬಂದವರನ್ನು ಸುನಂದಾ ಕಾಕು ಮೊದಲು ಕೂಡಿಸಿ ವಿಚಾರಣೆ ಮಾಡುತ್ತಿದ್ದರು. ಯಾರಿಗೆ, ಯಾಕೆ, ಅವರಿಗೆ ಏನು ಇಷ್ಟ, ಕೊನೆಯ ಸಲ ನಗುನಗುತ್ತ ಮಾತಾಡಿದ್ದು ಯಾವಾಗ? ಪೊಲೀಸ್ ಠಾಣೆಯಲ್ಲೂ ಇಷ್ಟು ಕೇಳುವುದಿಲ್ಲ. ಒಮ್ಮೆ ಕಾಗವಾಡದಿಂದ ಒಬ್ಬರು ಹೆಂಡತಿಯ ಹುಟ್ಟುಹಬ್ಬಕ್ಕೆ ಕಾರ್ಡು ಮಾಡಿಸಲು ಚಿಕ್ಕೋಡಿಯ ನನ್ನ ಪುಸ್ತಕದಂಗಡಿಗೆ ಬಂದಿದ್ದರು.

"ನಿಮ್ಮ ಮನಿಯಾಕಿಗೆ ಏನ ಸೇರತೈತ್ರಿ?" ಎಂದರು ಕಾಕು.

ಆ ಮನುಷ್ಯ ನನ್ನ ಮುಖ ನೋಡಿದರು. ನಾನೇನು ಹೇಳಲಿ? ಕಾಕು ಅವರನ್ನು ಹಾಗೆಯೇ ವಾಪಸು ಕಳಿಸಿದರು. "ಕೇಳ್ಕೊಂಡ ಬರ್ರಿ. ಗೊತ್ತಿಲ್ದ ಹೆಂಗ ಮಾಡೂದು?"

ಎರಡು ದಿನ ಬಿಟ್ಟು ಬಂದ ಅವರ ಮುಖ ಸಣ್ಣದಾಗಿತ್ತು. "ಇಪ್ಪತ್ತ ವರ್ಷದಾಗ ಈಗ ಕೇಳಿದ್ರಿ ಅಂತ ಅತ್ತಬಿಟ್ಲರಿ. ಕಡೀಕ ಅಬ್ಬಲಿಗಿ ಹೂವು ಅಂದ್ಲು." ಕಾಕು ಬಸದಿಯ ಹಿತ್ತಲಲ್ಲಿ ಉದುರಿದ ಅಬ್ಬಲಿಗೆಯನ್ನು ಆರಿಸಿ ತಂದು, ಪುಸ್ತಕದಲ್ಲಿ ಒತ್ತಿಟ್ಟು ಒಣಗಿಸಿ, ಕಾರ್ಡಿನ ಮೇಲೆ ಒಂದು ಇಡೀ ದಂಡೆ ಅಂಟಿಸಿದರು. ಗಿಡದಿಂದ ಹೂ ಕೀಳುವವರಲ್ಲ ಅವರು. ರೇಷ್ಮೆ ದಾರ ಬೇಡವೇ ಬೇಡ, ಹುಳ ಸಾಯುತ್ತದೆ. ಮೈದಾ ಕುದಿಸಿ ಮಾಡಿದ ಅಂಟು ರಾತ್ರಿ ಉಳಿಯುವಂತಿಲ್ಲ, ಅದರಲ್ಲಿ ಜೀವ ಹುಟ್ಟುತ್ತದೆ. ಹೊತ್ತು ಮುಳುಗುವ ಮೊದಲು ಕೈ ತೊಳೆದು ಮನೆಗೆ ಹೋಗಿಬಿಡುತ್ತಿದ್ದರು. ಇಷ್ಟೆಲ್ಲ ಕಟ್ಟಳೆ ಇಟ್ಟುಕೊಂಡು ಯಾರಾದರೂ ವ್ಯಾಪಾರ ಮಾಡುತ್ತಾರೆಯೇ!

ವ್ಯಾಪಾರಕ್ಕೆ ಇಳಿಸಿದ ಪಾಪ ನನ್ನದೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಕೈಕಸೂತಿ ಕಲಿಸಿ ನಿವೃತ್ತರಾದ ಕಾಕು ವರ್ಷಕ್ಕೊಮ್ಮೆ ನನ್ನಲ್ಲಿ ದಪ್ಪ ಹಾಳೆ ಕೊಳ್ಳುತ್ತಿದ್ದರು. ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ದಿನ. ಆ ದಿನಕ್ಕಾಗಿ ಕಾಕು ಹತ್ತು ಹನ್ನೆರಡು ಕಾರ್ಡು ಮಾಡುತ್ತಿದ್ದರು. ಒಂದು ವರ್ಷ ನನಗೂ ಒಂದು ಕೊಟ್ಟರು. "ಹೋದ ಶ್ರಾವಣದಾಗ ಹಾಳಿ ಹರದಾವ ಅಂತ ನಿಮ್ಮ ಮ್ಯಾಲ ಸಿಟ್ಟ ಮಾಡಿದ್ನೆಲ್ರಿ ರಫೀಕಭಾಯಿ, ಮನಸಿನಾಗ ಇಟ್ಕೋಬ್ಯಾಡ್ರಿ." ನನಗೆ ಆ ಸಿಟ್ಟಿನ ನೆನಪೇ ಇರಲಿಲ್ಲ. ಕಾರ್ಡನ್ನು ಗಲ್ಲೆಯ ಮೇಜಿನ ಗಾಜಿನ ಕೆಳಗೆ ಇಟ್ಟೆ. ನೋಡಿದವರೆಲ್ಲ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು.

ಕಾಕುಗೆ ಹೇಳಿದರೆ ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು. ಕಣ್ಣು ಮಂಜು, ಕೈ ನಡುಕ, ಪರ್ವದಲ್ಲಿ ಉಪವಾಸ, ಎಂದೆಲ್ಲ ನೆಪ ಹೇಳಿದರು. ನಾನೂ ಬಿಡಲಿಲ್ಲ. ಅಂಗಡಿಯ ಮೂಲೆಗೆ ಒಂದು ಮೇಜು ಹಾಕಿಸಿ, ಫೋಟೊ ತೆಗೆದು ಎಲ್ಲರ ಮೊಬೈಲಿಗೆ ಕಳಿಸಿದೆ. ಕುಡಚಿಯಿಂದ ಈದ್ ಕಾರ್ಡಿಗೆ, ರಾಯಬಾಗದಿಂದ ಗೃಹಪ್ರವೇಶಕ್ಕೆ, ನಿಪ್ಪಾಣಿಯಿಂದ ತೊಟ್ಟಿಲ ಕಾರ್ಯಕ್ಕೆ ಕೇಳಿಕೆ ಬಂದವು. ಮಧ್ಯಾಹ್ನವೆಲ್ಲ ಕಾಕು ಆ ಮೇಜಿನಲ್ಲೇ ಇರುತ್ತಿದ್ದರು. ಅವರ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಲಸಕ್ಕಿಂತ ಆ ವಿಚಾರಣೆಗಾಗಿಯೇ ಬರುತ್ತಿದ್ದರೇನೋ ಎಂದು ಈಗ ಅನಿಸುತ್ತದೆ.

ಅವರಿಗೆ ಅಥಣಿಯಲ್ಲಿ ಒಬ್ಬ ಅಣ್ಣ ಇದ್ದರು, ದೊಡ್ಡ ಕಿರಾಣಿ ವ್ಯಾಪಾರಿ. ಕಾಕು ಇಪ್ಪತ್ತರ ಹುಡುಗಿಯಾಗಿದ್ದಾಗ ಅಣ್ಣ ಮಾತು ಕೊಟ್ಟು ಬಂದ ವರನನ್ನು ಒಲ್ಲೆ ಎಂದಿದ್ದರಂತೆ. "ಹಂಗಾರ ನೀ ನನ್ನ ಪಾಲಿಗೆ ಇಲ್ಲ" ಅಂದ ಅಣ್ಣ ಮತ್ತೆ ಮಾತಾಡಿರಲಿಲ್ಲ. ಪ್ರತಿ ಕ್ಷಮಾವಣಿಗೂ ಮೊದಲ ಕಾರ್ಡು ಅಣ್ಣನಿಗೆ ಹೋಗುತ್ತಿತ್ತು. ಒಂದು ಸಲವೂ ಉತ್ತರ ಬಂದಿರಲಿಲ್ಲ. "ಹಟದಾಗ ನಾವಿಬ್ರೂ ಒಂದ ತಾಯಿ ಮಕ್ಕಳರಿ" ಎಂದು ನಗುತ್ತಿದ್ದರು.

ಹೀಗಿರುವಾಗ ಆ ಅಣ್ಣನ ಅಂಗಡಿಯಿಂದಲೇ ಕ್ಷಮಾವಣಿಯ ಕಾರ್ಡುಗಳಿಗೆ ಕೇಳಿಕೆ ಬಂತು. ಗುಮಾಸ್ತ ನಲವತ್ತು ಹೆಸರುಗಳ ಪಟ್ಟಿಯನ್ನು ನನ್ನ ಮೊಬೈಲಿಗೆ ಕಳಿಸಿದ್ದ. ಕಾಕುಗೆ ಮೊಬೈಲಿನ ಅಕ್ಷರ ಕಾಣದ್ದರಿಂದ ಎಂದಿನಂತೆ ಹಾಳೆಗೆ ಬರೆದುಕೊಟ್ಟೆ. ಅವರು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದರು. "ನಲ್ವತ್ತ ಅದಾವ್ರಿ" ಎಂದಷ್ಟೇ ಹೇಳಿ ಕತ್ತರಿ ಕೈಗೆತ್ತಿಕೊಂಡರು. ಆ ವರ್ಷ ಯಾರನ್ನೂ ಏನೂ ವಿಚಾರಿಸಲಿಲ್ಲ.

ಮರುವರ್ಷ ಅದೇ ಪಟ್ಟಿ ಬಂತು. ಹಾಳೆಗೆ ಬರೆಯುತ್ತ ಬರೆಯುತ್ತ, ನಲವತ್ತರ ಕೆಳಗೆ ನಾನು ಕಾಕುವಿನ ಹೆಸರು, ವಿಳಾಸ ಬರೆದುಬಿಟ್ಟೆ. ಕಟ್ಟಿನಲ್ಲಿ ನಲವತ್ತೊಂದಿದ್ದರೆ ಅಣ್ಣ ತಾನಾಗಿ ಸಹಿ ಹಾಕಿಯಾನು, ಕರುಳು ಕರಗೀತು ಅಂದುಕೊಂಡೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಕೊನೆಯ ಸಾಲಿಗೆ ಬಂದ ಕಾಕುವಿನ ಬೆರಳು ನಿಂತಿತು. "ಅಣ್ಣ ಹೇಳಿ ಬರಸ್ಯಾನೇನ್ರಿ?"

"ಪಟ್ಟ್ಯಾಗ ಐತಲ್ರಿ ಕಾಕು" ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನನ್ನ ಕೈಕೆಲ್ಸದ ಗುರ್ತ ಹಿಡದಾನ ನೋಡ್ರಿ. ಸಣ್ಣಾಕಿ ಇದ್ದಾಗ ಅವನ ಸಾಲಿ ವಹಿಗೆ ಹೂ ಅಂಟಿಸಿ ಕೊಡ್ತಿದ್ದೆ." ಮರುದಿನ ನನ್ನ ಮನೆಮಂದಿಗೆಲ್ಲ ಆಗುವಷ್ಟು ಶೇಂಗಾ ಉಂಡಿ ತಂದರು. ತಮ್ಮ ಹೆಸರಿನ ಕಾರ್ಡಿಗೆ ಮೂರು ದಿನ ತೆಗೆದುಕೊಂಡರು. ಪಾರಿಜಾತದ ಎಸಳು, ನಡುವೆ ಹಸಿರು ಹಾಳೆಯಲ್ಲಿ ಕತ್ತರಿಸಿದ ಎರಡು ಪುಟ್ಟ ಎಲೆ. ಅಷ್ಟು ಚೆಂದದ ಕಾರ್ಡನ್ನು ಅವರು ಬೇರೆ ಯಾರಿಗೂ ಮಾಡಿರಲಿಲ್ಲ.

ಕಟ್ಟು ಅಥಣಿಗೆ ಹೋಯಿತು. ನಾಲ್ಕನೆಯ ದಿನ ಗುಮಾಸ್ತ ಯಾವುದೋ ಕೆಲಸಕ್ಕೆ ಚಿಕ್ಕೋಡಿಗೆ ಬಂದವನು ಅಂಗಡಿಗೂ ಬಂದ. "ಇದೊಂದ ಹೆಚ್ಚಿಗಿ ಬಂದೈತ್ರಿ. ಈ ಹೆಸರ ನಮ್ಮ ಪಟ್ಟ್ಯಾಗ ಇಲ್ಲ, ವಾಪಸ್ ಕೊಡು ಅಂದ್ರು ಮಾಲಕರು." ಪಾರಿಜಾತದ ಕಾರ್ಡು. ಸಹಿ ಇರಲಿಲ್ಲ. ಕಾಕು ಅಂದು ಅಂಗಡಿಗೆ ಬಂದಿರಲಿಲ್ಲ. ಅಂಚೆಯವನು ಬರುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಹದಿನೈದು ದಿನ ಅವರು ಬರಲೇ ಇಲ್ಲ.

ಬಂದ ದಿನ, ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ಟಪಾಲದಾಗ ಕಳದಿರಬೇಕ್ರಿ."

"ಹೌದ್ರಿ ಕಾಕು. ಹಂಗ ಆಗತೈತಿ" ಎಂದೆ. ಆ ಸುಳ್ಳಿಗೆ ನನ್ನ ನಾಲಗೆ ತಡವರಿಸಲೂ ಇಲ್ಲ. ನಿಜ ಹೇಳಿದ್ದರೆ ಬೈದು, ಅತ್ತು, ಹಗುರಾಗುತ್ತಿದ್ದರೇನೋ. ಅವರು ಮುಂದಿನ ವರ್ಷಕ್ಕಾಗಿ ಕಾಯುವಂತೆ ಮಾಡಿದವನು ನಾನು. ಇದಕ್ಕಿಂತ ದೊಡ್ಡ ತಪ್ಪು ನನ್ನಿಂದ ಆಗಿಲ್ಲ.

ಮುಂದಿನ ಶ್ರಾವಣದಲ್ಲಿ ಕಾಕು ಹಾಸಿಗೆ ಹಿಡಿದರು. ನೋಡಲು ಹೋದಾಗ ಪಕ್ಕದ ಮನೆಯ ಹೆಂಗಸು ಗಂಜಿ ಕುಡಿಸಿ ಹೊರಡುತ್ತಿದ್ದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಕಾಕುವಿನ ಕೈ ಹೊದಿಕೆಯ ಮೇಲೆ ಏನನ್ನೋ ಮಡಚುವಂತೆ ಆಡುತ್ತಿತ್ತು.

"ಅಥಣಿ ಪಟ್ಟಿ ಬಂತೇನ್ರಿ?"

"ಬಂದೈತ್ರಿ ಕಾಕು."

"ನನ್ನ ಹೆಸರ?"

"ಐತ್ರಿ. ಈ ಸಲ ಎಲ್ಲಾರಕಿಂತ ಮ್ಯಾಲ ಐತಿ."

ಕಾಕು ಕಣ್ಣು ಮುಚ್ಚಿಕೊಂಡು ನಕ್ಕರು. "ಹಂಗಾರ ನಾಳೆ ಹಾಳಿ ತಂದಕೊಡ್ರಿ. ಟಪಾಲಕ್ಕ ಹಾಕೂದ ಬ್ಯಾಡ, ಈ ಸಲ ಯಾರ ಕೈಯಾಗರೆ ಕೊಟ್ಟ ಕಳಸಂತ ಅಣ್ಣಗ ಹೇಳ್ರಿ."

ಹಾಳೆ ಒಯ್ದುಕೊಟ್ಟೆ. ಕಾಕು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಕ್ಷಮಾವಣಿಗೆ ಎಂಟು ದಿನ ಇರುವಾಗ ತೀರಿಕೊಂಡರು. ಆ ವರ್ಷ ಅಥಣಿಯಿಂದ ಪಟ್ಟಿಯೇ ಬಂದಿರಲಿಲ್ಲ.